ಬಟಾಣಿ ತೋಟದ ಗುರುಗಳು

ಹೈಸ್ಕೂಲಿನ ವಿಜ್ಞಾನ ಪುಸ್ತಕವನ್ನು ಓದಿದ ಯಾರಿಗೇ ಆಗಲಿ ಗ್ರೆಗರ್ ಮೆಂಡಲ್ ಎಂಬ ಹೆಸರು ಗೊತ್ತಿರುತ್ತದೆ. ಬಟಾಣಿ ಗಿಡ, ಎತ್ತರದ್ದು, ಗಿಡ್ಡದ್ದು, ಮೂರಕ್ಕೆ ಒಂದು ಎಂಬ ಲೆಕ್ಕ, ಇಷ್ಟು ನೆನಪಿನಲ್ಲಿ ಉಳಿದಿರುತ್ತದೆ. ಅವರೊಬ್ಬ ಕಥೋಲಿಕ ಗುರುಗಳಾಗಿದ್ದರು, ಶಿಕ್ಷಕ ಹುದ್ದೆಯ ಅರ್ಹತಾ ಪರೀಕ್ಷೆಗೆ ಎರಡು ಸಲ ಹೋಗಿ ಎರಡು ಸಲವೂ ಬರಿಗೈಯಲ್ಲಿ ಮರಳಿದರು ಎಂಬುದನ್ನು ಮಾತ್ರ ಮಕ್ಕಳಿಗೆ ಹೇಳುವವರು ಕಡಿಮೆ.

ನಂಬಿಕೆಯೊಂದಿದ್ದರೆ ಗೆಲುವು ಖಂಡಿತ ಎಂಬ ಮಾತು ಧ್ಯಾನಕೂಟಗಳಲ್ಲಿ ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಮೆಂಡಲರ ಬಾಳನ್ನು ಆ ಅಳತೆಗೋಲಿನಿಂದ ಅಳೆಯಹೊರಟರೆ ಲೆಕ್ಕ ಕೂಡುವುದಿಲ್ಲ. ಅವರಿಗೆ ನಂಬಿಕೆ ಇತ್ತು. ಗೆಲುವು ಅವರು ಬದುಕಿರುವಾಗ ಬರಲಿಲ್ಲ. ಹಾಗಾದರೆ ಆ ನಂಬಿಕೆ ಅವರಿಗೆ ಕೊಟ್ಟದ್ದೇನು?

ಅವರ ಜ್ಞಾನಸ್ನಾನದ ಹೆಸರು ಯೋಹಾನ್. ಹುಟ್ಟಿದ್ದು 1822ರ ಜುಲೈ ತಿಂಗಳಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಹೈನ್ಸೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಇಂದು ಆ ಹಳ್ಳಿ ಚೆಕ್ ಗಣರಾಜ್ಯದಲ್ಲಿದೆ. ತಂದೆ ಆಂಟೋನ್ ರೈತ. ಸ್ವಂತ ಹೊಲವಿದ್ದರೂ ವಾರಕ್ಕೆ ಮೂರು ದಿನ ಜಮೀನ್ದಾರನಿಗೆ ಬಿಟ್ಟಿ ದುಡಿಯಲೇಬೇಕಿತ್ತು. ತಾಯಿ ರೊಸೀನಾ. ಅಕ್ಕ ವೆರೋನಿಕಾ, ತಂಗಿ ತೆರೇಸಿಯಾ. ಧರ್ಮಕೇಂದ್ರದ ಗುರುಗಳಾದ ಶ್ರೈಬರ್ ಅವರಿಗೆ ಹಣ್ಣಿನ ಗಿಡಗಳೆಂದರೆ ಬಹಳ ಆಸಕ್ತಿ. ಯೋಹಾನ್ ಗಿಡಮರಗಳನ್ನು ನೋಡಲು ಕಲಿತದ್ದು ಅಂಥ ಊರಿನಲ್ಲಿ, ತಂದೆಯ ತೋಟದಲ್ಲಿ.

ಹುಡುಗ ಓದಿನಲ್ಲಿ ಚುರುಕು. ಆದರೆ ದೂರದ ಊರಿನ ಪ್ರೌಢಶಾಲೆಯಲ್ಲಿ ಎರಡು ಹೊತ್ತಿನ ಊಟಕ್ಕೆ ಪೂರ್ತಿ ಹಣ ಕಟ್ಟುವ ಶಕ್ತಿ ಮನೆಯವರಿಗಿರಲಿಲ್ಲ. ಅರ್ಧ ಊಟಕ್ಕೆ ಕಟ್ಟಿದರು. 1838ರಲ್ಲಿ ಜಮೀನ್ದಾರನ ಕೆಲಸದಲ್ಲಿದ್ದಾಗ ಮರದ ದಿಮ್ಮಿ ಉರುಳಿ ತಂದೆಯ ಎದೆಗೆ ಬಲವಾದ ಪೆಟ್ಟಾಯಿತು. ಅಲ್ಲಿಂದ ಮುಂದೆ ಯೋಹಾನ್ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕಾಯಿತು. ಚಿಂತೆ ಮತ್ತು ಅರೆಹೊಟ್ಟೆ ಸೇರಿ ಅವನನ್ನು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿದವು. ಓದು ನಿಂತೇಹೋಯಿತು ಎನ್ನುವ ಹೊತ್ತಿಗೆ ಕೈಹಿಡಿದವಳು ಕಿರಿಯ ತಂಗಿ. ತನ್ನ ಮದುವೆಗೆಂದು ತೆಗೆದಿರಿಸಿದ್ದ ಪಾಲಿನಲ್ಲಿ ಒಂದು ಭಾಗವನ್ನು ತೆರೇಸಿಯಾ ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ವಿಜ್ಞಾನದ ಚರಿತ್ರೆ ಬರೆಯುವವರು ಆ ಹುಡುಗಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಈ ಇಡೀ ಕಥೆಯ ಬೇರು ಅಲ್ಲಿದೆ.

ಓಲೋಮೌಟ್ಸ್ ನಗರದಲ್ಲಿ ತತ್ವಶಾಸ್ತ್ರದ ಓದು ಮುಗಿಯುವಾಗ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಅವರನ್ನು ಬ್ರನೋ ನಗರದ ಸಂತ ತೋಮರ ಮಠಕ್ಕೆ ಶಿಫಾರಸು ಮಾಡಿದರು. 1843ರಲ್ಲಿ ಯೋಹಾನ್ ಸಂತ ಅಗಸ್ಟೀನರ ಸಭೆಯ ಆ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರು ಪಡೆದರು. ದೈವಕರೆಯ ಕಥೆಗಳಲ್ಲಿ ನಾವು ಸಾಮಾನ್ಯವಾಗಿ ದರ್ಶನ, ಕಣ್ಣೀರು, ಒಳದನಿ ಇವನ್ನೆಲ್ಲ ನಿರೀಕ್ಷಿಸುತ್ತೇವೆ. ಇಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಅನ್ನದ ಚಿಂತೆಯಿಂದ ಬಿಡುಗಡೆ ಬೇಕಾಗಿತ್ತು, ಪರಿಸ್ಥಿತಿಯೇ ತನ್ನ ಹಾದಿಯನ್ನು ನಿರ್ಧರಿಸಿತು ಎಂದು ಮುಂದೆ ತಮ್ಮ ಬಗ್ಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಹಸಿವಿನ ಬಾಗಿಲಿನಿಂದಲೂ ದೇವರು ಕರೆಯಬಲ್ಲರು. ಆ ಬಾಗಿಲಿನಿಂದ ಒಳಬಂದವರು ಕೊನೆಯುಸಿರಿನವರೆಗೂ ಆ ಮನೆಯಲ್ಲೇ ಉಳಿದರು.

1847ರಲ್ಲಿ ಗುರುದೀಕ್ಷೆಯಾಯಿತು. ಧರ್ಮಕೇಂದ್ರದ ಸೇವೆಗೆ ಕಳಿಸಿದರು. ರೋಗಿಗಳ, ಸಾಯುತ್ತಿರುವವರ ಹಾಸಿಗೆಯ ಬಳಿ ನಿಲ್ಲುವುದು ಈ ಯುವ ಗುರುವಿಗೆ ಸಾಧ್ಯವಾಗಲಿಲ್ಲ. ಅವರ ನೋವನ್ನು ನೋಡಿ ತಾನೇ ಕಾಯಿಲೆ ಬೀಳುತ್ತಿದ್ದರು. ಗುರುವಾದವರಿಗೆ ಇದಕ್ಕಿಂತ ದೊಡ್ಡ ಸೋಲು ಯಾವುದಿದೆ? ಆದರೆ ಮಠಾಧಿಪತಿ ಸಿರಿಲ್ ನಾಪ್ ಅವರು ಗದರಿಸಲಿಲ್ಲ, ಮನೆಗೆ ಕಳಿಸಲೂ ಇಲ್ಲ. ಈತ ಓದಿನಲ್ಲಿ ಗಟ್ಟಿಗ, ಈ ಸೇವೆಗೆ ಒಗ್ಗುವವನಲ್ಲ ಎಂದು ಧರ್ಮಾಧ್ಯಕ್ಷರಿಗೆ ಬರೆದು, 1849ರಲ್ಲಿ ಜ್ನೋಯ್ಮೋ ಎಂಬ ಊರಿನ ಶಾಲೆಗೆ ಬದಲಿ ಶಿಕ್ಷಕರನ್ನಾಗಿ ಕಳಿಸಿದರು. ಪಾಠ ಹೇಳುವುದರಲ್ಲಿ ಮೆಂಡಲ್ ಎತ್ತಿದ ಕೈ.

ಖಾಯಂ ಶಿಕ್ಷಕರಾಗಲು ಸರ್ಕಾರದ ಪರೀಕ್ಷೆ ಮುಗಿಸಬೇಕಿತ್ತು. 1850ರಲ್ಲಿ ಕುಳಿತರು. ಭೌತಶಾಸ್ತ್ರದಲ್ಲಿ ಪರವಾಗಿಲ್ಲ ಎನಿಸಿಕೊಂಡರೂ ಭೂಗರ್ಭಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಕೈಕೊಟ್ಟವು. ಮುಂದೆ ಜೀವಶಾಸ್ತ್ರಕ್ಕೇ ಹೊಸ ಹಾದಿ ತೋರಿಸಿದವರು ಪ್ರಾಣಿಗಳ ವರ್ಗೀಕರಣದಲ್ಲಿ ಫೇಲು! ಪರೀಕ್ಷಕರಲ್ಲೊಬ್ಬರು ಸಹೃದಯರು; ಇವರನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿರಿ ಎಂದು ಮಠಾಧಿಪತಿಗಳಿಗೆ ಸಲಹೆ ಕೊಟ್ಟರು. ಮಠದ ಖರ್ಚಿನಲ್ಲಿ 1851ರಿಂದ 1853ರವರೆಗೆ ವಿಯೆನ್ನಾದಲ್ಲಿ ಓದಿದರು. ಭೌತಶಾಸ್ತ್ರಜ್ಞ ಡಾಪ್ಲರ್ ಅವರ ಗುರುಗಳಲ್ಲೊಬ್ಬರು. ಪ್ರಕೃತಿಯನ್ನು ಎಣಿಸಿ, ಲೆಕ್ಕ ಹಾಕಿ ಅರಿಯುವ ಅಭ್ಯಾಸ ಅಲ್ಲಿ ಗಟ್ಟಿಯಾಯಿತು.

1856ರಲ್ಲಿ ಮತ್ತೆ ಪರೀಕ್ಷೆ. ನಡುವೆಯೇ ಆರೋಗ್ಯ ಕೆಟ್ಟು ಬ್ರನೋಗೆ ಮರಳಿದರು. ಮೂರನೆಯ ಸಲ ಪ್ರಯತ್ನಿಸಲಿಲ್ಲ. ಪ್ರಮಾಣಪತ್ರ ಎಂದೂ ಕೈಗೆ ಬರಲಿಲ್ಲ. ಬದಲಿ ಶಿಕ್ಷಕರಾಗಿಯೇ ಬ್ರನೋ ನಗರದ ಶಾಲೆಯಲ್ಲಿ 1868ರವರೆಗೆ ದುಡಿದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಅದೇ 1856ರಲ್ಲಿ ಮಠದ ಹಿತ್ತಿಲಿನ ಒಂದು ಪಟ್ಟಿ ನೆಲದಲ್ಲಿ ಬಟಾಣಿ ಗಿಡಗಳ ಮೇಲಿನ ಮುಖ್ಯ ಪ್ರಯೋಗ ಶುರುವಾಯಿತು.

ಅದಕ್ಕೆ ಮೊದಲೇ ಎರಡು ವರ್ಷ ಮೂವತ್ತನಾಲ್ಕು ಬಗೆಯ ಬಟಾಣಿಯನ್ನು ಬೆಳೆಸಿ, ತಳಿ ಶುದ್ಧವಾಗಿದೆಯೇ ಎಂದು ಪರೀಕ್ಷಿಸಿದ್ದರು. ಬಳಿಕದ ಕೆಲಸ ನೋಡಿ: ಮೊಗ್ಗು ಅರಳುವ ಮುನ್ನವೇ ಅದನ್ನು ಬಿಡಿಸಿ, ಚಿಮುಟದಿಂದ ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೆ ಗಿಡದ ಪರಾಗವನ್ನು ಹಚ್ಚಿ, ದುಂಬಿ ಬಾರದಂತೆ ಚೀಲ ಕಟ್ಟುವುದು. ಕಾಯಿ ಬಲಿತ ಮೇಲೆ ಕಾಳುಗಳನ್ನು ಬಿಡಿಸಿ, ಬೇರ್ಪಡಿಸಿ, ಎಣಿಸಿ, ಬರೆದಿಡುವುದು. ಮರುವರ್ಷ ಅವನ್ನೇ ಬಿತ್ತುವುದು. 1863ರವರೆಗೆ ಎಂಟು ವರ್ಷ, ಸುಮಾರು 28,000 ಗಿಡಗಳು. ನಡುವೆ ಶಾಲೆಯ ಪಾಠ, ಮಠದ ಪ್ರಾರ್ಥನೆ, ಬಲಿಪೂಜೆ.

ತಂದೆತಾಯಿಯ ಗುಣಗಳು ಮಕ್ಕಳಲ್ಲಿ ಹಾಲು ನೀರಿನಂತೆ ಬೆರೆತುಹೋಗುತ್ತವೆ ಎಂಬುದು ಆಗ ಬಹುಮಂದಿಯ ತಿಳುವಳಿಕೆ. ಮೆಂಡಲ್ ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು, ಸುಕ್ಕು ಮಾಯ. ಆ ಗಿಡಗಳನ್ನು ತಮ್ಮ ಪಾಡಿಗೆ ಬಿಟ್ಟು ಬಂದ ಕಾಳು ಎಣಿಸಿದರೆ 7,324ರಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಹಳದಿ ಮತ್ತು ಹಸಿರು ಕಾಳುಗಳಲ್ಲೂ ಹಾಗೆಯೇ: 6,022ಕ್ಕೆ 2,001. ಮಾಯವಾಗಿದ್ದ ಗುಣ ಕಳೆದುಹೋಗಿರಲಿಲ್ಲ, ಬೆರೆತು ಕೆಟ್ಟಿರಲೂ ಇಲ್ಲ. ಒಂದು ತಲೆಮಾರು ಕಣ್ಣಿಗೆ ಕಾಣದೆ ಉಳಿದು ಪೂರ್ಣವಾಗಿ ಹಿಂತಿರುಗಿತ್ತು. ಹೀಗೆ ಏಳು ಗುಣಗಳಲ್ಲಿ ಪರೀಕ್ಷಿಸಿದರು, ಏಳರಲ್ಲೂ ಅದೇ ಕ್ರಮ.

ಅವರ ಪ್ರವಚನಗಳಲ್ಲಿ ಉಳಿದಿರುವುದು ಬೆರಳೆಣಿಕೆಯ ಟಿಪ್ಪಣಿಗಳು ಮಾತ್ರ. ಅದರಲ್ಲೊಂದು ಪುನರುತ್ಥಾನದ ಹಬ್ಬಕ್ಕೆ ಸಂಬಂಧಿಸಿದ್ದು. ಪುನರುತ್ಥಾನರಾದ ಪ್ರಭುವನ್ನು ಮಗ್ದಲದ ಮರಿಯಾ ತೋಟಗಾರನೆಂದು ಭಾವಿಸಿದ ಪ್ರಸಂಗವನ್ನು ಎತ್ತಿಕೊಂಡು, ಬೀಜ ಬಿತ್ತುವವನ ಕೆಲಸವನ್ನೂ ದೇವರ ಕೃಪೆಯನ್ನೂ ಅಲ್ಲಿ ಜೋಡಿಸಿದ್ದಾರೆ. ಬಟಾಣಿಗೂ ಬೈಬಲಿಗೂ ಸುಮ್ಮನೆ ಗಂಟು ಹಾಕುವುದು ನನ್ನ ಉದ್ದೇಶವಲ್ಲ. ಅವರ ಪ್ರಬಂಧದಲ್ಲಿ ಲೆಕ್ಕವಿದೆಯೇ ಹೊರತು ಉಪದೇಶವಿಲ್ಲ. ಆದರೂ ಒಂದು ಮಾತು ಹೇಳಬಹುದು. ಎರಡು ಸಲ ಪರೀಕ್ಷೆಯಲ್ಲಿ ಸೋತವನು ಎಂಟು ವರ್ಷ ಯಾರ ಮೆಚ್ಚುಗೆಯೂ ಇಲ್ಲದೆ ಕಾಳು ಎಣಿಸಬೇಕಾದರೆ, ತನ್ನ ಬೆಲೆಯನ್ನು ಪರೀಕ್ಷಕರು ನಿರ್ಧರಿಸುವುದಿಲ್ಲ ಎಂಬ ಧೈರ್ಯ ಒಳಗೆಲ್ಲೋ ಇರಬೇಕು. ಸೃಷ್ಟಿಯಲ್ಲಿ ಒಂದು ಕ್ರಮವಿದೆ, ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ ಎಂಬ ಭರವಸೆಯೂ ಬೇಕು. ಸೋತವನನ್ನು ಹೊರಗಟ್ಟದ ಒಂದು ಮನೆಯೂ ಬೇಕು. ನಾಪ್ ಅವರಂಥ ಹಿರಿಯರು ಇರದಿದ್ದರೆ ಮೆಂಡಲ್ ಇಲ್ಲ. ಫಲಿತಾಂಶದ ದಿನ ಮಕ್ಕಳ ಮುಖ ನೋಡದೆ ಕುಳಿತುಕೊಳ್ಳುವ ತಂದೆತಾಯಿಯರು ನಾಪ್ ಅವರನ್ನು ಒಮ್ಮೆ ನೆನೆಯಬೇಕು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋ ನಗರದ ವಿಜ್ಞಾನ ಸಂಘದಲ್ಲಿ ತಮ್ಮ ಪ್ರಬಂಧವನ್ನು ಓದಿದರು. ಊರಿನ ಪತ್ರಿಕೆಯಲ್ಲಿ ಸುದ್ದಿ ಬಂತು, ಅಷ್ಟೆ. ಮರುವರ್ಷ ಅಚ್ಚಾಯಿತು. ನಲವತ್ತು ಪ್ರತಿಗಳನ್ನು ಮಾಡಿಸಿಕೊಂಡು ವಿದ್ವಾಂಸರಿಗೆ ಕಳಿಸಿದರು. ಗಮನ ಕೊಟ್ಟು ಉತ್ತರಿಸಿದವರು ಮ್ಯೂನಿಕ್ ನಗರದ ಪ್ರಾಧ್ಯಾಪಕ ನೇಗೆಲಿ. ಅವರಿಗೂ ನಂಬಿಕೆ ಬರಲಿಲ್ಲ. ಹಾಕ್‌ವೀಡ್ ಎಂಬ ಗಿಡದಲ್ಲಿ ಪ್ರಯೋಗ ಮಾಡಲು ಪ್ರೋತ್ಸಾಹಿಸಿದರು. ಆ ಗಿಡ ಬಹುಮಟ್ಟಿಗೆ ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸಣ್ಣ ಹೂಗಳನ್ನು ನೋಡಿ ನೋಡಿ ಮೆಂಡಲರ ಕಣ್ಣು ನೊಂದವು; ಲೆಕ್ಕ ಕೂಡಲಿಲ್ಲ.

1868ರಲ್ಲಿ ಸಹೋದರರು ಅವರನ್ನೇ ಮಠಾಧಿಪತಿಯನ್ನಾಗಿ ಆರಿಸಿದರು. ಆಡಳಿತದ ಭಾರದಲ್ಲಿ ಪ್ರಯೋಗಗಳು ಹಿಂದೆ ಬಿದ್ದವು. ಜೇನುಗೂಡು, ಮಳೆಗಾಳಿಯ ದಾಖಲೆ ಮಾತ್ರ ಮುಂದುವರಿದವು. 1874ರಲ್ಲಿ ಸರ್ಕಾರ ಮಠಗಳ ಮೇಲೆ ಹೊಸ ತೆರಿಗೆ ಹೇರಿತು. ಇದು ಅನ್ಯಾಯ, ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ಬೇರೆ ಮಠಗಳು ರಾಜಿಯಾದವು, ಇವರು ಆಗಲಿಲ್ಲ. ಸರ್ಕಾರ ಮಠದ ಆಸ್ತಿಗೆ ಕೈಹಾಕಿತು, ಗೆಳೆಯರು ದೂರವಾದರು. ಬಟಾಣಿ ತೋಟದಲ್ಲಿ ತಾಳ್ಮೆಯಾಗಿದ್ದ ಗುಣವೇ ಇಲ್ಲಿ ಹಟವಾಯಿತೇನೋ ಎಂದು ನನಗೆ ಅನ್ನಿಸುವುದುಂಟು. ಸಂತ ಪದವಿಗೇರಿದವರ ಕಥೆಯಲ್ಲವಲ್ಲ ಇದು.

1884ರ ಜನವರಿ 6, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು ಅರವತ್ತೊಂದು. ಅಂತ್ಯಕ್ರಿಯೆಯ ಪೂಜೆಯಲ್ಲಿ ಸಂಗೀತ ನಡೆಸಿದವರು ಮುಂದೆ ಹೆಸರಾಂತ ಸಂಗೀತಕಾರರಾದ ಯಾನಾಚೆಕ್. ಊರ ಬಡವರು ತಮಗೆ ನೆರವಾದ ಗುರುಗಳನ್ನು ಕಳೆದುಕೊಂಡೆವೆಂದು ಅತ್ತರು. ವಿಜ್ಞಾನಿಯೊಬ್ಬ ಹೋದನೆಂದು ಅತ್ತವರು ಬಹಳ ಇರಲಿಲ್ಲ. ಅವರ ಕಾಗದಪತ್ರಗಳಲ್ಲಿ ಹೆಚ್ಚಿನವು ಬೆಂಕಿಗೆ ಹೋದವೆಂದು ಹೇಳುತ್ತಾರೆ. ಅದೇ ವರ್ಷ ನೇಗೆಲಿ ಬರೆದ ದೊಡ್ಡ ಗ್ರಂಥದಲ್ಲಿ ಮೆಂಡಲರ ಹೆಸರೂ ಇರಲಿಲ್ಲ.

ಹದಿನಾರು ವರ್ಷ ಕಳೆದು, 1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬ ಮೂವರು ಸಸ್ಯಶಾಸ್ತ್ರಜ್ಞರ ಬರಹಗಳು ಒಂದೇ ವರ್ಷದಲ್ಲಿ ಅದೇ ನಿಯಮದತ್ತ ಬೆರಳು ತೋರಿಸಿದವು. ಬ್ರನೋ ಗುರುವಿನ ಪ್ರಬಂಧ ಧೂಳು ಕೊಡವಿ ಎದ್ದಿತು. ತಳಿಶಾಸ್ತ್ರ ಎಂಬ ವಿದ್ಯೆ ಬೆಳೆದದ್ದು ಆ ಪಾಯದ ಮೇಲೆ.

ತಂಗಿ ತೆರೇಸಿಯಾಳ ಋಣವನ್ನು ಅಣ್ಣ ಮರೆತಿರಲಿಲ್ಲ. ಆಕೆಯ ಮೂವರು ಗಂಡುಮಕ್ಕಳನ್ನು ತಮ್ಮ ಖರ್ಚಿನಲ್ಲಿ ಓದಿಸಿದರು, ಇಬ್ಬರು ವೈದ್ಯರಾದರು. 1902ರ ಜುಲೈ 20ರಂದು ಹೈನ್ಸೆನ್‌ಡಾರ್ಫ್‌ನಲ್ಲಿ ಮೆಂಡಲರ ನೆನಪಿನ ಫಲಕ ತೆರೆದಾಗ ಊರವರ ಮುಂದೆ ನಿಂತು ಅವರ ಬಗ್ಗೆ ಮಾತನಾಡಿದವರು ಆ ವೈದ್ಯರಲ್ಲೊಬ್ಬರು, ಸೋದರಳಿಯ ಡಾಕ್ಟರ್ ಆಲೋಯಿಸ್ ಶಿಂಡ್ಲರ್.