ಒಂದನೇ ತರಗತಿಯ ಮಾಸ್ತರರು: ಪಂಜೆ ಮಂಗೇಶರಾಯರು

ನೇತ್ರಾವತಿಯ ದಡದ ಬಂಟವಾಳದಲ್ಲಿ ತೊಡಗಿದ ಒಂದು ಬಾಳು ಮುಗಿದುದು ದೂರದ ಹೈದರಾಬಾದಿನಲ್ಲಿ. 1937ರ ಅಕ್ಟೋಬರ್ ತಿಂಗಳಲ್ಲಿ ಪಂಜೆ ಮಂಗೇಶರಾಯರು ಅಲ್ಲಿ ತೀರಿಕೊಂಡಾಗ ಅವರಿಗೆ 63 ವರ್ಷ. ಅದಕ್ಕೆ ಮೂರು ವರ್ಷ ಮೊದಲು, 1934ರಲ್ಲಿ, ಅದೇ ನಿಜಾಮರ ಸಂಸ್ಥಾನದ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಉರ್ದು ಆಡಳಿತಭಾಷೆಯಾಗಿದ್ದ ನಾಡಿನಲ್ಲಿ ಕನ್ನಡದ ಸಭೆ ಕೂಡಿದಾಗ ಅಧ್ಯಕ್ಷಪೀಠಕ್ಕೆ ಕರೆಸಿಕೊಂಡುದು ಮಕ್ಕಳಿಗೆ ಹಾಡು, ಕತೆ ಬರೆದ ಒಬ್ಬ ಶಾಲಾ ಮಾಸ್ತರರನ್ನು.

ಆ ಸೀಮೆಗೂ ನಮಗೂ ಇನ್ನೊಂದು ನಂಟಿದೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಹೆಚ್ಚಿನ ಭಾಗ, ಗುಲ್ಬರ್ಗ ಜಿಲ್ಲೆಯ ತಾಂಡೂರು ತಾಲೂಕು ಇವೆಲ್ಲ ಆಂಧ್ರಪ್ರದೇಶಕ್ಕೆ ಹೋದುವು. 2014ರಿಂದ ಅವು ತೆಲಂಗಾಣದಲ್ಲಿವೆ. ಅದೇ ದಿನ, ಅದೇ ಕಾನೂನಿನಿಂದ, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ಮೂರು ಊರುಗಳ ಕನ್ನಡಿಗರೂ ನಾವೂ ಒಂದೇ ದಿನ ಗಡಿಯ ಆಚೆ ಉಳಿದವರು. ಅಂತಹ ಊರುಗಳಲ್ಲಿ ಕನ್ನಡ ಉಳಿಯುವುದೋ ಅಳಿಯುವುದೋ ಎಂಬುದು ತೀರ್ಮಾನವಾಗುವುದು ದೊಡ್ಡ ಸಭೆಗಳಲ್ಲಿ ಅಲ್ಲ, ಒಂದನೇ ತರಗತಿಯ ಬೆಂಚಿನಲ್ಲಿ. ಪಂಜೆಯವರ ಬಾಳನ್ನು ಈ ದೃಷ್ಟಿಯಿಂದ ನೋಡುವುದು ನಮಗೆ ಉಪಯುಕ್ತ.

ಮಂಗೇಶರಾಯರು ಹುಟ್ಟಿದುದು 1874ರ ಫೆಬ್ರವರಿ 22ರಂದು. ತಂದೆ ರಾಮಪ್ಪಯ್ಯ. ಮನೆಮಾತು ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಗೆ ಹೋದರೆ ಕನ್ನಡ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಪುಸ್ತಕದಲ್ಲಿ ಮತ್ತೊಂದು ಎಂಬ ಸ್ಥಿತಿ ನಮ್ಮ ಮಕ್ಕಳಿಗೆ ಹೊಸದಲ್ಲ. ಮುಂದೆ ಕನ್ನಡದ ಮಕ್ಕಳ ಸಾಹಿತ್ಯಕ್ಕೆ ದಾರಿ ತೋರಿದವರು ಹೀಗೆ ಕನ್ನಡವನ್ನು ಶಾಲೆಯಲ್ಲಿ ಕಲಿತವರು ಎಂಬುದನ್ನು ಮರೆಯಬಾರದು. ಶಾಲೆಯ ಮಾತು ಮಗುವಿನ ನಾಲಗೆಗೆ ಒಗ್ಗಬೇಕಾದರೆ ಏನು ಬೇಕು ಎಂಬುದನ್ನು ಅವರು ಸ್ವಂತ ಅನುಭವದಿಂದ ಬಲ್ಲವರಾಗಿದ್ದರು.

ಬಂಟವಾಳದಲ್ಲಿ ಓದಿ, ಹೆಚ್ಚಿನ ಕಲಿಕೆಗೆ ಮಂಗಳೂರಿಗೆ ಬಂದರು. ಅಲ್ಲಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಮುಂದೆ ಬಿ.ಎ., ಎಲ್.ಟಿ. ಪದವಿಗಳನ್ನು ಪಡೆದರು. ಭಾವಮೈದುನ ಬೆನಗಲ್ ರಾಮರಾಯರು ನಡೆಸುತ್ತಿದ್ದ 'ಸುವಾಸಿನಿ' ಪತ್ರಿಕೆಯಲ್ಲಿ ಸಣ್ಣಕತೆಗಳನ್ನು ಬರೆದರು; ಕನ್ನಡ ಸಣ್ಣಕತೆಯ ಚರಿತ್ರೆ ಹೇಳುವವರು ಆ ಕತೆಗಳಿಂದಲೇ ತೊಡಗುವುದುಂಟು. ಆದರೆ ಅವರ ಹೆಸರು ಮನೆಮನೆಗೆ ಮುಟ್ಟಿದುದು ಶಾಲೆಯ ಮೂಲಕ.

ಅಂದಿನ ಶಾಲೆಯ ದಿನಚರಿಯನ್ನು ಹಿರಿಯರು ಬಲ್ಲರು. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಸ್ಲೇಟು ಬಳಪ, ಸಂಜೆ ಒಕ್ಕೊರಲಿನ ಮಗ್ಗಿ, ಮೇಜಿನ ಮೇಲೆ ನಾಗರಬೆತ್ತ. ಎಷ್ಟೋ ಕಡೆ ಎಲ್ಲ ತರಗತಿಗಳಿಗೂ ಒಬ್ಬರೇ ಮಾಸ್ತರರು. ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಮಕ್ಕಳಿಗಿಂತ ಮಾಸ್ತರರಿಗೇ ಹೆಚ್ಚು ನಡುಕ. ಸಾಹೇಬರ ವರದಿಯ ಮೇಲೆ ಶಾಲೆಯ ಸಹಾಯಧನ ನಿಂತಿರುತ್ತಿತ್ತು.

ಪಂಜೆಯವರು ದಕ್ಷಿಣ ಕನ್ನಡದಲ್ಲಿ ಇಂತಹ ಇನ್‌ಸ್ಪೆಕ್ಟರರಾದರು. ಅವರನ್ನು ಬಲ್ಲವರು ಹೇಳಿಕೊಂಡು ಬಂದಿರುವಂತೆ, ಅವರು ಬಂದ ದಿನ ಶಾಲೆಗೆ ಹಬ್ಬ. ಪ್ರಶ್ನೆ ಕೇಳಿ ಹೆದರಿಸುವುದಕ್ಕೆ ಬದಲು ಮಕ್ಕಳ ನಡುವೆ ನಿಂತು ಕತೆ ಹೇಳುವರು, ಹಾಡುವರು, ಕೈಬಾಯಿ ಆಡಿಸಿ ಅಭಿನಯಿಸಿ ತೋರಿಸುವರು. ಮಾಸ್ತರರಿಗೆ ಅದೇ ಒಂದು ತರಬೇತಿ. ಬಳಿಕ ಮಂಗಳೂರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಕೆಲಸ ಮಾಡಿದಾಗ ಈ ರೀತಿ ಹಳ್ಳಿಹಳ್ಳಿಯ ಮಾಸ್ತರರಿಗೆ ದಾಟಿತು.

ಮಕ್ಕಳಿಗೆ ಕೊಡಲು ಕನ್ನಡದಲ್ಲಿ ಆಗ ಪದ್ಯಗಳೇ ಕಡಿಮೆ. ಇದ್ದವು ಹಳೆಗನ್ನಡದವು, ಅಲ್ಲವೇ ನೀತಿ ಬೋಧಿಸುವವು. ಆ ಕೊರತೆಯನ್ನು ಪಂಜೆಯವರು ಸ್ವತಃ ತುಂಬಿದರು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ತಾವೇ ಬರೆದರು. ಬಾಸೆಲ್ ಮಿಶನಿನವರು ಹೊರತಂದ ಪದ್ಯಪುಸ್ತಕಗಳ ಮೂಲಕ ಅವು ತರಗತಿಗೆ ಬಂದುವು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳು ಬರುವಂತೆ ಮಾಡಿದರು.

ಅವರ ಪದ್ಯಗಳನ್ನು ಪಾಠ ಹೇಳುವವರ ಕಣ್ಣಿನಿಂದ ನೋಡಬೇಕು. 'ನಾಗರಹಾವೆ' ಪದ್ಯದಲ್ಲಿ ಮಗು ಹಾವನ್ನು ಕರೆಯುತ್ತದೆ, ಹಾಲು ಕೊಡುತ್ತೇನೆನ್ನುತ್ತದೆ, ಕೊಳಲೂದಿ ಹೆಡೆ ಆಡಿಸಲು ಹೇಳುತ್ತದೆ, ಬಡವರಿಗೆ ಚಿನ್ನ ಕೇಳುತ್ತದೆ, ಕೊನೆಗೆ ಕೈಮುಗಿದು ಹೊರಗೆ ಕಳುಹಿಸುತ್ತದೆ. ಪ್ರತಿ ನುಡಿಯ ಕೊನೆಯಲ್ಲಿ ಒಂದೇ ಅಕ್ಷರದ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಅಕ್ಷರ ಕಲಿಯತೊಡಗಿದ ಮಗುವೂ ಅಷ್ಟನ್ನು ಓದಬಲ್ಲದು, ಕೂಗಬಲ್ಲದು, ಅಭಿನಯಿಸಬಲ್ಲದು. ಆಟವೂ ಆಯಿತು, ಅಕ್ಷರವೂ ಆಯಿತು.

'ತೆಂಕಣ ಗಾಳಿಯಾಟ'ದಲ್ಲಿ ಗಾಳಿ ರಭಸವಾಗಿ ಬಂದು ಮರಗಿಡಗಳನ್ನು ಅಲ್ಲಾಡಿಸುತ್ತದೆ. ತರಗತಿಯಲ್ಲಿ ಅರ್ಧ ಮಕ್ಕಳು ಗಾಳಿ, ಅರ್ಧ ಮಕ್ಕಳು ತೆಂಗು ಕಂಗು ಆದರೆ ಬೇರೆ ವಿವರಣೆ ಬೇಡ. 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬುದು ಸರಪಣಿಯ ಕತೆ. ಒಂದು ಉತ್ತರಕ್ಕೆ ಇನ್ನೊಂದು ಪ್ರಶ್ನೆ, ಅದಕ್ಕೆ ಮತ್ತೊಂದು ಉತ್ತರ. ಒಬ್ಬ ಮಗು ಕೇಳಿದರೆ ಪಕ್ಕದ ಮಗು ಹೇಳಬೇಕು. ಸರಪಣಿ ಕಡಿಯದಂತೆ ಇಡೀ ತರಗತಿ ಕಿವಿಗೊಟ್ಟು ಕುಳಿತಿರಬೇಕು. ಬೆತ್ತ ತಾನಾಗಿಯೇ ಮೂಲೆ ಸೇರುತ್ತದೆ. ಬೀದಿಯ ತುಳುವನ್ನೂ ಅವರು ಶಾಲೆಯ ಹೊರಗೆ ನಿಲ್ಲಿಸಲಿಲ್ಲ. ತುಳುವರ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡದಲ್ಲಿ ಬರೆದು ಎರಡು ಭಾಷೆಗಳ ನಡುವೆ ಸೇತುವೆ ಹಾಕಿದರು.

ಮುಂದೆ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾದರು. ಅದೂ ಮನೆಮಾತು ಬೇರೆಯಾಗಿದ್ದ ನಾಡೇ. ಅಲ್ಲಿನ ಸುಗ್ಗಿಯ ಹಬ್ಬವನ್ನು ಕುರಿತು ಅವರು ಬರೆದ 'ಹುತ್ತರಿಯ ಹಾಡು' ಇಂದಿಗೂ ಕೊಡಗಿನವರಿಗೆ ಅಭಿಮಾನದ ಹಾಡು. ಹೋದ ಊರಿನ ಮಾತನ್ನು, ಹಬ್ಬವನ್ನು ಗೌರವಿಸಿದ್ದರಿಂದಲೇ ಅವರ ಕನ್ನಡ ಅಲ್ಲಿ ಪರಕೀಯವಾಗಲಿಲ್ಲ.

ಈಗ ತಾಂಡೂರಿನ ಒಂದು ಕನ್ನಡ ಮನೆಯನ್ನು ನೆನೆದುಕೊಳ್ಳೋಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು. ಜಹೀರಾಬಾದ್, ನಾರಾಯಣಖೇಡಗಳಲ್ಲಿ ಬೀದರ ಹತ್ತಿರವೇ ಇದ್ದರೂ ಕಚೇರಿಯ ಭಾಷೆ ಬೇರೆ. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ತೆಲುಗಿನ ಜಾಗದಲ್ಲಿ ಮಲಯಾಳ, ಉಳಿದುದೆಲ್ಲ ಅದೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯವನ್ನು ಅಲ್ಪಸಂಖ್ಯಾತರ ಮಕ್ಕಳಿಗೆ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಲಾಯಿತು. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಆದರೆ ಕಾನೂನು ಶಾಲೆಯ ಬಾಗಿಲನ್ನು ಮಾತ್ರ ತೆರೆದಿಡಬಲ್ಲದು. ಮಗು ನಗುತ್ತ ಒಳಗೆ ಬರುವಂತೆ ಮಾಡುವುದು ಮಾಸ್ತರರ, ಟೀಚರರ ಕೆಲಸ. ಕನ್ನಡ ತರಗತಿಯೆಂದರೆ ಕಾಪಿ ಬರೆಯುವ ಬೇಸರವೆಂದು ಮಗುವಿಗೆ ಅನಿಸಿದರೆ, ಎರಡನೆಯ ವರ್ಷ ಅದು ಪಕ್ಕದ ತರಗತಿಯಲ್ಲಿ ಕುಳಿತಿರುತ್ತದೆ. ಹತ್ತು ಮಕ್ಕಳಿದ್ದ ಕಡೆ ಎಂಟಾದಾಗ ಹುದ್ದೆಗೇ ಕುತ್ತು ಬರುವುದನ್ನು ನಾವು ಕಂಡಿಲ್ಲವೆ?

ಪಂಜೆಯವರ ರೀತಿಗೆ ಹಣ ಬೇಡ, ಯಂತ್ರ ಬೇಡ. ಒಂದು ಹಾಡು, ಒಂದು ಕತೆ, ಅಂಗಳದಲ್ಲಿ ಸ್ವಲ್ಪ ಜಾಗ, ನಾಚಿಕೆ ಬಿಟ್ಟು ಮಕ್ಕಳೊಂದಿಗೆ ಹೆಡೆ ಆಡಿಸಬಲ್ಲ ಒಬ್ಬ ಮಾಸ್ತರರು ಇದ್ದರೆ ಸಾಕು. ಮಾಸ್ತರರು ಮಾತ್ರವಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯೂ ಅಮ್ಮನೂ ಇದನ್ನು ಮಾಡಬಹುದು. ಹೈದರಾಬಾದಿನಲ್ಲಿ ಕಣ್ಮುಚ್ಚಿದ ಆ ಹಿರಿಯರು ಬಿಟ್ಟುಹೋದ ಆಸ್ತಿ ಅದೇ. ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಬಾರಿಸುವಾಗ ಅದಕ್ಕೆ ವಾರಸುದಾರರು ತಾಂಡೂರಿನಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ.