ಪಂಡಿತಾ ರಮಾಬಾಯಿ: ಕೈಗೂಸಿನೊಂದಿಗೆ ಬದುಕು ಕಟ್ಟಿದ ತಾಯಿ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಜೀವನಚರಿತ್ರೆ ಬೇಕೆಂದು ಸಂಪಾದಕ ಮಂಡಳಿಯಲ್ಲಿ ಮಾತು ಬಂತು. ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಸಹಜವಾಗಿಯೇ ಮೊದಲು ಬಂತು. 1905ರಲ್ಲಿ ಅವರು ಹಾಕಿದ ಬೀಜದ ನೆರಳಲ್ಲೇ ನಾವೆಲ್ಲ ಕೂತಿದ್ದೇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಥೆಯನ್ನು ಸಹಕಾರ ಸಪ್ತಾಹದ ಭಾಷಣಗಳಲ್ಲಿ ವರ್ಷವರ್ಷವೂ ಕೇಳುತ್ತೇವೆ. ಹಾಗಾಗಿ ಈ ಸಲ ಬೇರೆ ಒಬ್ಬರನ್ನು ಆರಿಸಿಕೊಂಡೆವು.

ಕಾರಣ ಹೇಳಿಬಿಡುತ್ತೇವೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ತಾಲೂಕಿನ ಯಾವ ಸೊಸೈಟಿಯ ಕೌಂಟರಿನಲ್ಲಿ ಕೂತರೂ ಒಂದು ದೃಶ್ಯ ಕಾಣುತ್ತದೆ. ಗಂಡ ತೀರಿಹೋದವಳೋ, ಗಂಡ ಬಿಟ್ಟುಹೋದವಳೋ, ಒಬ್ಬಳೇ ಮಕ್ಕಳನ್ನು ಸಾಕುವ ಹೆಂಗಸು ಬರುತ್ತಾಳೆ. ಮೀನು ಮಾರುವವಳಿರಬಹುದು, ಮಲ್ಲಿಗೆ ಕಟ್ಟುವವಳಿರಬಹುದು, ಗೇರುಬೀಜದ ಕಾರ್ಖಾನೆಗೆ ಹೋಗುವವಳಿರಬಹುದು. ಉಳಿದವರೆಲ್ಲ ಹೋಗುವ ತನಕ ಬಾಗಿಲ ಹತ್ತಿರ ನಿಂತಿರುತ್ತಾಳೆ. ಆಮೇಲೆ ಸಣ್ಣ ದನಿಯಲ್ಲಿ ಸಾಲ ಕೇಳುತ್ತಾಳೆ. ವಿಚಾರಿಸಿ ನೋಡಿದರೆ ಅಷ್ಟೊತ್ತಿಗೆ ಹೊರಗೆ ಮೂರು ಕಡೆ ಕೈಗಡ ಆಗಿರುತ್ತದೆ, ಕಿವಿಯದ್ದು ಕೊರಳದ್ದು ಅಡವಿನಲ್ಲಿರುತ್ತದೆ. ಮೊದಲೇ ಬರಬಾರದಿತ್ತೇನಮ್ಮಾ ಅಂದರೆ ಉತ್ತರವಿಲ್ಲ. ನಾಚಿಕೆ. ಈ ನಾಚಿಕೆಯನ್ನು ನೂರನಲವತ್ತು ವರ್ಷದ ಹಿಂದೆಯೇ ಪಕ್ಕಕ್ಕಿಟ್ಟ ಒಬ್ಬ ತಾಯಿಯ ಕಥೆ ನಮ್ಮ ಸದಸ್ಯೆಯರಿಗೆ ತಿಳಿದಿರಲಿ ಅಂತ ಪಂಡಿತಾ ರಮಾಬಾಯಿಯವರನ್ನು ಆರಿಸಿದೆವು.

ರಮಾಬಾಯಿ ಅಂದರೆ ಪುಣೆ ಕಡೆಯವರು ಅಂತ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ಆಗ ನಮ್ಮ ತಾಲೂಕುಗಳೂ ಕಾರ್ಕಳವೂ ಮದ್ರಾಸ್ ಸರಕಾರದ ಕೆಳಗಿನ ಒಂದೇ ಕೆನರಾ ಜಿಲ್ಲೆ. ಉತ್ತರ ಕೆನರಾ ಮುಂಬಯಿಗೆ ಸೇರಿದ್ದು 1862ರಲ್ಲಿ. ಆ ಲೆಕ್ಕದಲ್ಲಿ ಅವರು ನಮ್ಮ ಜಿಲ್ಲೆಯ ಮನೆತನದ ಹೆಣ್ಣುಮಗಳೇ ಅನ್ನಬಹುದು. ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಘಟ್ಟದ ನೆತ್ತಿಯ ಗಂಗಾಮೂಲದ ಕಾಡಿನಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಜಾಗದಲ್ಲಿ. ತಂದೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂದು ಊರವರು ತಕರಾರು ತೆಗೆದಿದ್ದರು. ಉಡುಪಿಯಲ್ಲಿ ಪಂಡಿತರ ಸಭೆಯ ಎದುರು ತಮ್ಮ ಪಕ್ಷ ಸಾಧಿಸಿಕೊಟ್ಟು, ಕೊನೆಗೆ ಶಾಸ್ತ್ರಿಗಳು ಕಾಡಿಗೆ ಹೋಗಿ ಪಾಠಶಾಲೆ ಮಾಡಿಕೊಂಡು ಕೂತರು.

ಅಲ್ಲಿ ಆದದ್ದು ಸಾಲದ ಕಥೆ. ಗಂಗಾಮೂಲಕ್ಕೆ ಯಾತ್ರಿಕರು ಬರುತ್ತಿದ್ದರು, ಬಂದವರಿಗೆಲ್ಲ ಶಾಸ್ತ್ರಿಗಳ ಮನೆಯಲ್ಲಿ ಊಟ. ವಿದ್ಯಾರ್ಥಿಗಳಿಗೂ ಊಟ, ವಸತಿ. ಶಾಸ್ತ್ರಿಗಳದ್ದು ದೊಡ್ಡ ಕೈ. ಬರುವ ಹಾದಿ ಒಂದು, ಹೋಗುವ ಹಾದಿ ಹತ್ತು. ಆಸ್ತಿ ಕರಗಿತು, ಸಾಲ ಹತ್ತಿತು. ರಮಾಬಾಯಿ ಇನ್ನೂ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಮನೆ ಬಿಟ್ಟು ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರಂತೆ. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಓದುತ್ತ ಅಲೆದಾಟ. ಓದಿಗೆ ಬಂದ ಕಾಣಿಕೆಯಲ್ಲಿ ಮತ್ತೆ ದಾನ, ಮತ್ತೆ ಸಂತರ್ಪಣೆ. ಮಗಳಿಗೆ ತಾಯಿಯೇ ಗುರು. ಹನ್ನೆರಡು ವರ್ಷಕ್ಕೆ ಭಾಗವತದ ಹದಿನೆಂಟು ಸಾವಿರ ಶ್ಲೋಕ ಬಾಯಿಪಾಠವಾಗಿತ್ತು. ವಿದ್ಯೆ ಬಂತು, ಕೈಕಸುಬು ಮಾತ್ರ ಯಾರಿಗೂ ಬರಲಿಲ್ಲ.

1870ರ ದಶಕದಲ್ಲಿ ಬರ ಬಿದ್ದಾಗ ಪುರಾಣ ಕೇಳುವವರಿಲ್ಲ. ಮೊದಲು ಒಡವೆ, ಆಮೇಲೆ ಬೆಳ್ಳಿ, ಆಮೇಲೆ ತಾಮ್ರ ಹಿತ್ತಾಳೆ ಪಾತ್ರೆ, ಕೊನೆಗೆ ಬಟ್ಟೆ, ಒಂದೊಂದೇ ಮಾರಿ ಉಂಡರು. ನಮ್ಮಲ್ಲೂ ಮನೆ ಮುಳುಗುವುದು ಇದೇ ಕ್ರಮದಲ್ಲಿ ಅಲ್ಲವೇ? ಪಾತ್ರೆಯೂ ಮುಗಿದಾಗ ಎಲೆ ತಿಂದು ದಿನ ದೂಡಿದರು. ಸ್ವಲ್ಪವೇ ಕಾಲದೊಳಗೆ ತಂದೆ, ತಾಯಿ, ಅಕ್ಕ ಮೂವರೂ ಹೋದರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ನಡೆದರು, ಪಂಜಾಬ್ ಕಾಶ್ಮೀರದ ತನಕ ನಡೆದರು. ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಹೊಂಡ ತೋಡಿ ಮೈಮೇಲೆ ಮರಳು ಎಳೆದುಕೊಂಡು ರಾತ್ರಿ ಕಳೆದಿದ್ದಾರೆ.

1878ರಲ್ಲಿ ಕಲಕತ್ತೆ ಮುಟ್ಟಿದಾಗ ಅಲ್ಲಿನ ವಿದ್ವಾಂಸರು ಇವರ ಸಂಸ್ಕೃತ ಕೇಳಿ ಬೆರಗಾದರು, ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಂದಿಗೆ ಮದುವೆ. ಜಾತಿ ಬೇರೆ, ಭಾಷೆ ಬೇರೆ. ಎರಡೂ ಕಡೆಯವರು ದೂರವಾದರು. 1881ರ ಏಪ್ರಿಲಿನಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿ 4ರಂದು ಕಾಲರಾ ಗಂಡನನ್ನು ಒಯ್ದಿತು. ತಾಯಿಗೆ ಇಪ್ಪತ್ಮೂರು, ಕೂಸಿಗೆ ಇನ್ನೂ ಹತ್ತು ತಿಂಗಳು ತುಂಬಿರಲಿಲ್ಲ. ತವರಿಲ್ಲ, ಅತ್ತೆಮನೆಯ ಬಾಗಿಲಿಲ್ಲ.

ಇಲ್ಲಿಂದ ಮುಂದಿನದ್ದನ್ನು ನಮ್ಮ ಓದುಗರು ಸ್ವಲ್ಪ ನಿಧಾನವಾಗಿ ಓದಬೇಕು. ರಮಾಬಾಯಿ ಮೊದಲು ನೋಡಿದ್ದು ತನ್ನ ಹತ್ತಿರ ಮಾರುವಂಥದ್ದು ಏನಿದೆ ಅಂತ. ಒಡವೆ ಇರಲಿಲ್ಲ, ವಿದ್ಯೆ ಇತ್ತು. ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರೂ ವೈದ್ಯರೂ ಬೇಕೆಂದು ಸಾಕ್ಷಿ ನುಡಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದು ಮಾರಿದರು. ವೈದ್ಯ ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋಗುವುದಿತ್ತು, ಹಡಗಿನ ಖರ್ಚಿಗೆ ಆ ಪುಸ್ತಕದ ಹಣ ಆಯಿತು. ಎರಡು ವರ್ಷದ ಮಗುವನ್ನು ಕಟ್ಟಿಕೊಂಡು 1883ರಲ್ಲಿ ಹಡಗು ಹತ್ತಿದರು.

ಇಂಗ್ಲೆಂಡಿನ ವಾಂಟೇಜಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಪುಕ್ಕಟೆ ಅಲ್ಲ. ಹಿಂದುಸ್ಥಾನಕ್ಕೆ ಹೊರಡುವ ಸನ್ಯಾಸಿನಿಯರಿಗೆ ಮರಾಠಿ ಕಲಿಸುವುದು, ತಾವು ಇಂಗ್ಲಿಷ್ ಕಲಿಯುವುದು ಅಂತ ಒಪ್ಪಂದ. ಮುಂದೆ ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಒಂದು ಕಡೆ ವಿದ್ಯಾರ್ಥಿನಿ, ಇನ್ನೊಂದು ಕಡೆ ಸಂಸ್ಕೃತದ ಶಿಕ್ಷಕಿ. ಕಿವಿ ಕೇಳಿಸುವುದು ಕಮ್ಮಿಯಾಗಿದ್ದರಿಂದ ವೈದ್ಯವಿದ್ಯೆ ಕೈಬಿಡಬೇಕಾಯಿತು. 1883ರ ಸೆಪ್ಟೆಂಬರಿನಲ್ಲಿ ತಾಯಿ ಮಗಳು ಕ್ರೈಸ್ತಧರ್ಮ ಸೇರಿದರು. ಈ ಕಾರಣಕ್ಕೆ ಊರಲ್ಲಿ ಬಹಳ ನಿಂದೆ ಬಂತು, ಇಂದಿಗೂ ಕೆಲವರು ಅದನ್ನೇ ಎತ್ತುತ್ತಾರೆ. ಆ ವಾದ ಈ ಸಂಚಿಕೆಗೆ ಬೇಡ. ನಾವು ಗಮನಿಸಬೇಕಾದ್ದು ಬೇರೆ: ಸಹಾಯ ಮಾಡಿದವರು ಮನೋರಮೆಯನ್ನು ತಮ್ಮ ಮನಸ್ಸಿಗೆ ಬಂದಂತೆ ಬೆಳೆಸಲು ಹೊರಟಾಗ ರಮಾಬಾಯಿ ಒಪ್ಪಲಿಲ್ಲ. ಉಪಕಾರಕ್ಕೆ ಕೃತಜ್ಞತೆ ಇತ್ತು, ಆದರೆ ಮಗಳ ವಿಷಯದ ತೀರ್ಮಾನ ತಾಯಿಯದ್ದೇ ಅಂತ ಪತ್ರ ಪತ್ರದಲ್ಲೂ ಹಟ ಹಿಡಿದರು. ದುಡ್ಡು ಕೊಟ್ಟವರ ಹತ್ತಿರ ಹೀಗೆ ನಿಲ್ಲುವುದು ಸುಲಭವಲ್ಲ. ಸಾಲ ಕೊಟ್ಟ ನೆಂಟರು ಮಕ್ಕಳ ಮದುವೆ ಮಾತಿಗೂ ಯಜಮಾನಿಕೆ ಮಾಡುವುದನ್ನು ನಾವು ನೋಡಿಲ್ಲವೇ?

1886ರಲ್ಲಿ ಬಂಧು ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಮಗಳನ್ನು ಇಂಗ್ಲೆಂಡಿಗೆ ವಾಪಸು ಕಳಿಸಿ ತಾವು ಅಲ್ಲೇ ನಿಂತರು. ಊರೂರು ಭಾಷಣ ಮಾಡಿದರು. ಮೇಲ್ಜಾತಿಯ ಹಿಂದೂ ಹೆಂಗಸರ ಸ್ಥಿತಿಯ ಮೇಲೆ 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಅದು ಸಾವಿರಗಟ್ಟಲೆ ಖರ್ಚಾಯಿತು. ಈ ಸಲ ಹಣ ಎತ್ತಿದ್ದು ತಮ್ಮೊಬ್ಬರಿಗಲ್ಲ, ತಮ್ಮಂಥ ವಿಧವೆಯರಿಗೆ ಶಾಲೆ ತೆರೆಯಲು. ಬೋಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಅಂತ ಸಂಘವಾಯಿತು. ಹತ್ತು ವರ್ಷ ನೆರವು ಕೊಡುವುದಾಗಿ ಅವರು ಒಪ್ಪಿದರು. ವರ್ಷವರ್ಷವೂ ವರದಿ ಅಚ್ಚಾಗುತ್ತಿತ್ತು, ಅಲ್ಲಿಂದ ಪ್ರತಿನಿಧಿ ಬಂದು ಕಣ್ಣಾರೆ ನೋಡಿಯೂ ಹೋದರು. ಆಡಿಟ್ ಅಂದರೆ ಮುಖ ಸಿಂಡರಿಸುವ ನಮ್ಮಂಥ ಸಂಘದವರಿಗೆ ಇದು ನೆನಪಿರಲಿ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಶುರುವಾಯಿತು. ವಿದ್ಯಾರ್ಥಿನಿಯರು ಒಬ್ಬಿಬ್ಬರೇ. ಮೊದಲು ಬಂದ ವಿಧವೆ ಗೋದುಬಾಯಿ. ಇವರನ್ನೇ ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ಸದನ 1890ರಲ್ಲಿ ಪುಣೆಗೆ ಹೋಯಿತು. ಮತಾಂತರದ ಗಲಾಟೆಯಲ್ಲಿ 1893ರಲ್ಲಿ ರಾನಡೆ, ಭಂಡಾರಕರರಂಥ ದೊಡ್ಡವರು ಸಲಹಾ ಮಂಡಳಿ ಬಿಟ್ಟರು, ಪಾಲಕರು ಹುಡುಗಿಯರನ್ನು ಕರೆದುಕೊಂಡು ಹೋದರು. ಶಾಲೆ ಮಾತ್ರ ನಿಲ್ಲಲಿಲ್ಲ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಂದಿನ ಸಂಗತಿ. ಅಮೆರಿಕದ ಹತ್ತು ವರ್ಷದ ವಾಯಿದೆ 1898ಕ್ಕೆ ಮುಗಿಯುತ್ತದೆ ಅಂತ ರಮಾಬಾಯಿಗೆ ಗೊತ್ತಿತ್ತು. ವಾಯಿದೆ ಮುಗಿದ ಮೇಲೆ ಕೈಹೊತ್ತು ಕೂರಲಿಲ್ಲ. ಕೆಲವು ವರ್ಷ ಮೊದಲೇ ಪುಣೆಯಿಂದಾಚೆ ಕೇಡಗಾಂವದಲ್ಲಿ ಸುಮಾರು ನೂರು ಎಕರೆ ಜಾಗ ತೆಗೆದುಕೊಂಡು ಬಾವಿ ತೋಡಿಸಿ ಹಣ್ಣಿನ ತೋಟ ಹಾಕಿದರು. ನೆರವು ನಿಲ್ಲುವ ಹೊತ್ತಿಗೆ ತೋಟ ಫಸಲಿಗೆ ಬರಬೇಕು, ಅದರ ಉತ್ಪನ್ನದಲ್ಲಿ ಶಾಲೆ ನಡೆಯಬೇಕು ಅನ್ನುವ ಲೆಕ್ಕ. ಗಂಗಾಮೂಲದಲ್ಲಿ ತಂದೆ ಹಾಕದೇ ಬಿಟ್ಟ ಲೆಕ್ಕವನ್ನು ಮಗಳು ಇಲ್ಲಿ ಹಾಕಿದಳು ಅಂತ ನಮಗೆ ಅನ್ನಿಸುತ್ತದೆ.

ತೋಟ ದೊಡ್ಡದಾಗುವ ಮೊದಲೇ 1896ರ ಬರ ಬಂತು. ಬರ ಅಂದರೆ ಏನೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ನೂರಾರು ಹೆಂಗಸರು ಮಕ್ಕಳನ್ನು ಕರೆತಂದರು. ತೋಟದ ಜಾಗವೇ ಮುಕ್ತಿ ಸದನವಾಯಿತು. 1900ರ ಗುಜರಾತಿನ ಬರದ ನಂತರ ಅಲ್ಲಿ ಸಾವಿರಕ್ಕೂ ಮಿಕ್ಕಿ ಜನ. ಅವರಿಗೆಲ್ಲ ಕೆಲಸ ಕಲಿಸಿದರು: ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಹೈನು, ಬೇಸಾಯ, ಅಚ್ಚುಕೂಟ. ಶ್ಲೋಕ ಬಂದೂ ಹೊಟ್ಟೆಗಿಲ್ಲದೆ ಸತ್ತ ಮನೆಯಿಂದ ಬಂದವರು, ಕೈಕೆಲಸವಿಲ್ಲದ ಓದನ್ನು ಯಾರಿಗೂ ಕಲಿಸಲಿಲ್ಲ.

ಮನೋರಮೆ ಓದಿ ಬಿ.ಎ. ಆಗಿ ತಾಯಿಯ ಬಲಗೈಯಾದರು. ಕನ್ನಡ ನಾಡಿನ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ್ದೂ ಇವರೇ. 1921ರ ಜುಲೈಯಲ್ಲಿ ಮಗಳು ತಾಯಿಗಿಂತ ಮೊದಲೇ ಹೋದರು. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು ರಮಾಬಾಯಿಯೂ ತೀರಿಕೊಂಡರು. 1989ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿ ತಂದಿತು. ಕೇಡಗಾಂವದ ಸಂಸ್ಥೆ ಈಗಲೂ ಇದೆ.

ಇನ್ನು ನಮ್ಮ ಮನೆಯ ಮಾತು. ಹೊರಗಿನ ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಅಂದರೆ ಕೇಳುವಾಗ ಸಣ್ಣದು. ಹತ್ತು ಸಾವಿರಕ್ಕೆ ತಿಂಗಳಿಗೆ 500, ವರ್ಷಕ್ಕೆ 6,000. ಅಸಲು ಹಾಗೇ ಇರುತ್ತದೆ. ಇಂಥ ಸಾಲ ಎಷ್ಟು, ಯಾರ ಹತ್ತಿರ, ಬಡ್ಡಿ ಏನು ಅಂತ ಒಂದು ಹಾಳೆಯಲ್ಲಿ ಬರೆದು ತಂದರೆ ಹೆಚ್ಚು ಬಡ್ಡಿಯದ್ದನ್ನು ಮೊದಲು ತೀರಿಸುವ ದಾರಿ ಕೂತು ಹುಡುಕಬಹುದು. ಕಂತು ತಪ್ಪುವಂತಿದ್ದರೆ ತಪ್ಪುವ ಮೊದಲೇ ಹೇಳಬೇಕು, ತಪ್ಪಿದ ಮೇಲೆ ನಮ್ಮ ಕೈಯೂ ಕಟ್ಟಿರುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಸಾಕು, ಬರೆದುಕೊಳ್ಳುತ್ತೇವೆ. ಈ ಬೆಳ್ಳಿಹಬ್ಬದ ವರ್ಷದಿಂದ ತಿಂಗಳ ಮೊದಲ ಶನಿವಾರ ಮಧ್ಯಾಹ್ನ, ಕೌಂಟರ್ ಮುಚ್ಚಿದ ಮೇಲೆ, ನಿರ್ದೇಶಕ ಮಂಡಳಿಯ ಮಹಿಳಾ ಸದಸ್ಯರು ಒಳಗಿನ ಕೋಣೆಯಲ್ಲಿ ಇದಕ್ಕೆಂದೇ ಕೂರುತ್ತಾರೆ. ಹಿಂದಿನ ಬಾಗಿಲೂ ತೆರೆದಿರುತ್ತದೆ.