ಕರಾಚಿಯಿಂದ ಜುಹುವಿಗೆ: ಜೆ.ಆರ್.ಡಿ. ಟಾಟಾ

ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾರವರು ಜನಿಸಿದ್ದು ೧೯೦೪ರಲ್ಲಿ, ಪ್ಯಾರಿಸ್ಸಿನಲ್ಲಿ. ವಿಮಾನ ಚಾಲನೆಗೆ ಭಾರತದಲ್ಲಿ ನೀಡಲಾದ ಪ್ರಥಮ ಪರವಾನಗಿಯನ್ನು ೧೯೨೯ರಲ್ಲಿ ಪಡೆದವರು ಅವರೇ.

ಆ ಕಾಲದಲ್ಲಿ ಇಂಗ್ಲೆಂಡಿನ ವಿಮಾನ ಅಂಚೆಯು ಕರಾಚಿಯವರೆಗೆ ಬಂದು, ಮುಂದೆ ರೈಲಿಗಾಗಿ ಕಾಯಬೇಕಿತ್ತು. ಈ ವಿಳಂಬವನ್ನು ನೀಗಿಸಲೆಂದು ೧೯೩೨ರ ಅಕ್ಟೋಬರ್ ೧೫ರ ಮುಂಜಾನೆ ಅವರು ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆ ಚೀಲಗಳೊಡನೆ ಕರಾಚಿಯಿಂದ ಏಕಾಂಗಿಯಾಗಿ ಹೊರಟರು. ಮುಂಬಯಿಗೆ ನೇರ ಅಂತರ ಸುಮಾರು ೯೦೦ ಕಿ.ಮೀ.; ವಿಮಾನದ ವೇಗ ಗಂಟೆಗೆ ಸುಮಾರು ೧೬೦ ಕಿ.ಮೀ. ದಾರಿಯಲ್ಲಿ ಅಹಮದಾಬಾದಿನಲ್ಲಿ ಇಳಿದಾಗ ಇಂಧನ ಬಂದದ್ದು ಎತ್ತಿನ ಗಾಡಿಯಲ್ಲಿ! ಜುಹು ತಲುಪುವಾಗ ಮಧ್ಯಾಹ್ನವಾಗಿತ್ತು. ಅಲ್ಲಿಂದ ಅಂಚೆಯನ್ನು ಮದರಾಸಿಗೆ ಒಯ್ದವರು ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ರಾತ್ರಿ ಹಾರಾಟಕ್ಕೆ ಅನುಕೂಲವಿಲ್ಲದ್ದರಿಂದ ಅವರು ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಕನ್ನಡಿಗರಾದ ನಾವು ಇದನ್ನು ಅಷ್ಟಾಗಿ ನೆನೆಯುವುದಿಲ್ಲ. ಮಳೆಗಾಲದಲ್ಲಿ ಜುಹುವಿನ ನೆಲ ನೀರಿನಲ್ಲಿ ಮುಳುಗುತ್ತಿದ್ದುದರಿಂದ ವಿಮಾನಗಳು ಪುಣೆಯಲ್ಲಿ ಇಳಿಯಬೇಕಾಗುತ್ತಿತ್ತು.

ಈ ಅಂಚೆ ಸೇವೆಯೇ ಬೆಳೆದು ಏರ್ ಇಂಡಿಯಾ ಆಯಿತು. ೧೯೪೮ರ ಜೂನ್ ೮ರಂದು ಅದರ ಅಂತರರಾಷ್ಟ್ರೀಯ ಸಂಸ್ಥೆಯ ವಿಮಾನವು ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ೧೯೫೩ರ ರಾಷ್ಟ್ರೀಕರಣವನ್ನು ಟಾಟಾರವರು ಒಪ್ಪಿರಲಿಲ್ಲ. ಆದರೂ ಅಧ್ಯಕ್ಷರಾಗಿ ದುಡಿದರು. ೧೯೭೮ರಲ್ಲಿ ಕೇಂದ್ರ ಸರ್ಕಾರವು ಅವರನ್ನು ಆ ಸ್ಥಾನದಿಂದ ತೆಗೆದುಹಾಕಿದ ಬಗೆ ಶೋಭೆ ತರುವಂಥದಲ್ಲ.

೧೯೮೨ರ ಅಕ್ಟೋಬರ್ ೧೫ರಂದು, ಜೆಟ್ ವಿಮಾನಗಳ ಯುಗದಲ್ಲಿ, ೭೮ರ ವಯಸ್ಸಿನ ಅವರು ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ತಾವೇ ನಡೆಸುತ್ತಾ, ಅದೇ ಮಂದಗತಿಯಲ್ಲಿ ಕರಾಚಿಯಿಂದ ಮುಂಬಯಿಗೆ ಹಾರಿಬಂದರು. ೧೯೯೨ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು. ಮರುವರ್ಷ ನವೆಂಬರ್ ೨೯ರಂದು ಅವರು ಜಿನೀವಾದಲ್ಲಿ ನಿಧನರಾದರು.